ಬೀಡಿ ನೂಲು ಸುತ್ತಿದ ಬೂಟು

ನನ್ನ ಮಗಳ ಮಗಳು ಫುಟ್ಬಾಲಿನ ಜಿಲ್ಲಾ ತಂಡದ ಆಯ್ಕೆಗೆ ಹೋದ ದಿನ ನಾನು ಮೂರು ಜನರ ಹತ್ತಿರ ಜಗಳ ಮಾಡಿದ್ದೆ. ಒಬ್ಬ ನನ್ನ ತಮ್ಮ, ಒಬ್ಬಳು ಜರ್ಮನಿಯ ಹೆಂಗಸು, ಇನ್ನೊಬ್ಬಳು ಆ ಹುಡುಗಿಯೇ. ಆ ದಿನವನ್ನು ನೆನೆದರೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ, ಅಷ್ಟು ಖುಷಿ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಬರೆದದ್ದರಲ್ಲಿ ತಪ್ಪಿದ್ದರೆ ಇರಲಿ.

ಕಾಪುವಿನಲ್ಲಿ ನಮ್ಮ ಮನೆ. ಬೀಡಿ ಕಟ್ಟುವುದು ನನ್ನ ಕೆಲಸ. ನಮ್ಮದು ಅಳಿಯಕಟ್ಟಿನ ಮನೆತನ. ಮನೆ ಹೆಂಗಸರದ್ದು, ಮಾತು ಮಾತ್ರ ಅವರ ಅಣ್ಣತಮ್ಮಂದಿರದ್ದು. ಹುಡುಗಿ ಎಷ್ಟು ಓದಬೇಕು, ಯಾರ ಮನೆ ಸೇರಬೇಕು, ಎಲ್ಲವೂ ನನ್ನ ತಮ್ಮನ ಬಾಯಿಂದಲೇ ಬರಬೇಕು. ಅವಳು ಚಡ್ಡಿ ಹಾಕಿಕೊಂಡು ಚೆಂಡಿನ ಹಿಂದೆ ಓಡುತ್ತಾಳೆಂದು ತಿಳಿದ ದಿನ ಅವನು ನಮ್ಮ ಮನೆಯಲ್ಲಿ ಊಟ ಬಿಟ್ಟ.

ಓಡಲು ಕಲಿಸಿದವಳು ಆ ಜರ್ಮನಿಯವಳು. ಮಣಿಪಾಲದಲ್ಲಿ ಕೈಕಾಲು ಮುರಿದ ರೋಗಿಗಳಿಗೆ ವ್ಯಾಯಾಮ ಮಾಡಿಸುತ್ತಿದ್ದಳು; ಸಂಜೆ ಕಾಲೇಜು ಹುಡುಗಿಯರಿಗೆ ಫುಟ್ಬಾಲು, ನಮ್ಮವಳೂ ಅವರಲ್ಲೊಬ್ಬಳು. ಕನ್ನಡವನ್ನು ರೋಗಿಗಳಿಂದಲೇ ಕಲಿತದ್ದರಿಂದ ಅವಳ ಬಾಯಲ್ಲಿ ಬರೀ ಅಪ್ಪಣೆ. ಎತ್ತು, ಇಳಿಸು, ಇನ್ನೊಮ್ಮೆ. ಅವಳ ಪ್ರಾಯಕಾಲದಲ್ಲಿ ಅವಳ ದೇಶದಲ್ಲಿ ಹೆಂಗಸರಿಗೆ ಮೈದಾನ ಕೊಡಬಾರದೆಂದು ಆಟದ ಹಿರಿಯರೇ ಆಜ್ಞೆ ಮಾಡಿದ್ದರಂತೆ. ಇವಳೂ ಗೆಳತಿಯರೂ ದನ ಮೇಯುವ ಬಯಲಲ್ಲಿ ಆಡಿದರಂತೆ, ಯಾರಾದರೂ ಓಡಿಸಲು ಬಂದರೆ ಇನ್ನೊಂದು ಬಯಲಿಗೆ. ವರ್ಷಗಟ್ಟಲೆ ಆಟದಲ್ಲಿ ಇವಳ ಜಾಗ ನಡುವೆ, ಹಿಂದಿನವರಿಗೂ ಮುಂದಿನವರಿಗೂ ಮಧ್ಯೆ. ಕೊನೆಗೆ ಆಜ್ಞೆ ತೆಗೆದರು. ಅಷ್ಟರಲ್ಲಿ ಇವಳ ಮೊಣಕಾಲು ಹೋಗಿತ್ತು. ಇದನ್ನೆಲ್ಲ ಮೊಮ್ಮಗಳು ಹೇಳಿದಾಗ ನನಗೆ ಕನಿಕರ ಬರಲಿಲ್ಲ. ತನ್ನ ಹಾಳಾದ ಕಾಲಿನ ಸಿಟ್ಟನ್ನು ನಮ್ಮ ಹುಡುಗಿಯ ಮೇಲೆ ತೀರಿಸುತ್ತಾಳೆ ಎಂದೇ ಎಣಿಸಿದೆ.

ಆದರೂ ತಮ್ಮ ಬೇಡ ಎಂದದ್ದಕ್ಕೆ ನನಗೆ ಬೇಕಾಯಿತು. ಕಾರ್ಕಳದಲ್ಲಿ ಆಯ್ಕೆಯ ಆಟ ಎಂದು ಗೊತ್ತಾದಾಗ ಅವನು ಅಂಗಳದಲ್ಲಿ ನಿಂತು ಷರತ್ತು ಹಾಕಿದ.

“ಅಕ್ಕ, ಇವಳನ್ನು ಆರಿಸದಿದ್ದರೆ ಚೆಂಡು ಬಾವಿಗೆ, ಇವಳು ನಾನು ಹೇಳಿದ ಮನೆಗೆ. ಆರಿಸಿದರೆ ಆ ಚೆಂಡನ್ನು ನಾನೇ ತಲೆಯ ಮೇಲಿಟ್ಟು ಕಾಪು ಪೇಟೆಯಲ್ಲಿ ನಡೆಯುತ್ತೇನೆ.”

“ಹೇರ್‌ಕಟ್ಟಿಂಗ್ ಮಾಡಿಸಿಕೊಂಡು ಬಾ ಮಾರಾಯ, ಚೆಂಡು ಸರಿಯಾಗಿ ಕೂರಬೇಕಲ್ವಾ” ಎಂದೆ.

ಆಟಕ್ಕೆಂದು ಜರ್ಮನಿಯವಳು ತನ್ನ ಹಳೆಯ ಬೂಟುಗಳನ್ನು ಹುಡುಗಿಗೆ ಕೊಟ್ಟಿದ್ದಳು. ಚರ್ಮ ಒಣಗಿ ಹಲಗೆಯಾಗಿತ್ತು. ಗಟ್ಟಿ ಎಲೆಯನ್ನು ಮೆದು ಮಾಡುವುದು ನನಗೆ ಗೊತ್ತಿಲ್ಲವೇ? ಬೀಡಿ ಎಲೆಗೆ ಮಾಡುವ ಹಾಗೆಯೇ ಬೂಟನ್ನು ನೀರಲ್ಲಿ ಅದ್ದಿ, ಒದ್ದೆ ಗೋಣಿಯಲ್ಲಿ ಸುತ್ತಿ ಮೂಲೆಯಲ್ಲಿಟ್ಟೆ. ಬೆಳಿಗ್ಗೆ ಬಿಚ್ಚಿದರೆ ಚರ್ಮ ಮೆದುವಾಗಿತ್ತು, ಸುಳ್ಳಲ್ಲ. ಆದರೆ ಎರಡರ ಅಡಿಯೂ ಬಾಯಿ ತೆರೆದಿತ್ತು.

ಹುಡುಗಿ ಕಾರ್ಕಳದವರೆಗೆ ಬಸ್ಸಿನಲ್ಲಿ ನನ್ನ ಮುಖ ನೋಡಲಿಲ್ಲ. ಒಂದೇ ಮಾತು: “ನೀವೂ ಅಜ್ಜನ ಕಡೆಯವರೇ.” ಅಜ್ಜ ಎಂದರೆ ನನ್ನ ತಮ್ಮ. ಆ ಮಾತಿಗೆ ನಾನೂ ಬಾಯಿಗೆ ಬಂದದ್ದು ಬೈದೆ. ತಮ್ಮ ಎರಡು ಸೀಟು ಹಿಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡ.

ಮೈದಾನದಲ್ಲಿ ಜರ್ಮನಿಯವಳು ಬೂಟನ್ನು ತಿರುಗಿಸಿ ನೋಡಿದಳು.

“ಯಾರು ಮಾಡಿದ್ದು?”

“ನಾನು. ಎಂತ ಈಗ?”

ಅವಳು ತನ್ನ ಭಾಷೆಯಲ್ಲಿ ಶುರುಮಾಡಿದಳು, ನಾನು ತುಳುವಿನಲ್ಲಿ. ಇಬ್ಬರಿಗೂ ಅರ್ಥವಾಗಲಿಲ್ಲ, ಇಬ್ಬರೂ ಬಿಡಲೂ ಇಲ್ಲ. ಬೈಯುತ್ತಲೇ ನಾನು ಸೊಂಟದಿಂದ ಬೀಡಿ ನೂಲಿನ ಉಂಡೆ ತೆಗೆದು ಬೂಟಿಗೆ ಸುತ್ತಲು ತೊಡಗಿದೆ. ಒಂದು ಎಳೆಗೆ ಬಲವಿಲ್ಲ. ಉಂಡೆ ಪೂರ್ತಿ ಸುತ್ತಿದರೆ ಉಂಟು. ಅವಳು ಬಾಯಿ ಮುಚ್ಚಿ ಇನ್ನೊಂದು ಬೂಟನ್ನು ತೊಡೆಯ ಮೇಲಿಟ್ಟು ಗಟ್ಟಿಯಾಗಿ ಹಿಡಿದಳು.

ನೂಲು ಅರ್ಧ ಆಟದವರೆಗೆ ನಿಂತಿತು. ಆಮೇಲೆ ಎಡಗಾಲಿನ ಅಡಿ ಹಾರಿ ಬಿತ್ತು. ಸುತ್ತ ನಿಂತ ಗಂಡಸರು ಕೂಗಿ ನಕ್ಕರು. ಮನೆಗೆ ಹೋಗಿ ಪಾತ್ರೆ ತೊಳೆ ಎಂದ ಒಬ್ಬ. ಹುಡುಗಿ ಎರಡೂ ಬೂಟು ಕಿತ್ತು ಅವರ ಕಡೆಗೇ ಎಸೆದಳು. ಕಾಪುವಿನ ಮರಳಿನಲ್ಲಿ ಬರಿಗಾಲಲ್ಲೇ ಆಡಿ ಬೆಳೆದವಳು. ಎದುರು ತಂಡದಲ್ಲೂ ಬರಿಗಾಲಿನವರು ಇದ್ದುದರಿಂದ ರೆಫ್ರಿ ಸುಮ್ಮನಾದ. ಜರ್ಮನಿಯವಳು ಮಾತ್ರ ಗೆರೆಯ ಹೊರಗೆ ಕುಂಟುತ್ತಾ ಓಡಿದಳು. “ಮೊಣಕಾಲು, ಮೊಣಕಾಲು” ಎನ್ನುವಾಗ ಅವಳ ದನಿ ಒಡೆದಿತ್ತು. ಅವಳಿಗೆ ಸಿಟ್ಟಲ್ಲ, ಹೆದರಿಕೆ ಎಂದು ನನಗೆ ಆಗ ಗೊತ್ತಾಯಿತು.

ಮೊಮ್ಮಗಳು ಒಂದೂ ಗೋಲು ಹೊಡೆಯಲಿಲ್ಲ. ಚೆಂಡನ್ನು ಹಿಂದಿನವರಿಂದ ತೆಗೆದುಕೊಳ್ಳುವುದು, ಮುಂದಿನವಳಿಗೆ ಕೊಡುವುದು, ಅಷ್ಟೇ. ಎಲೆ ಕತ್ತರಿಸುವವಳಿಗೂ ಕಟ್ಟುವವಳಿಗೂ ನಡುವೆ ಕೂತು ಸುರುಳಿ ಸುತ್ತುವವಳ ಹಾಗೆ. ಅವಳ ಕೈ ನಿಂತರೆ ಜಗಲಿಯ ಬೀಡಿ ಕೆಲಸವೆಲ್ಲ ನಿಲ್ಲುತ್ತದೆ. ನನಗೆ ಆಟ ಅರ್ಥವಾಯಿತು, ತಮ್ಮನಿಗೆ ಆಗಲಿಲ್ಲ.

“ಒಂದು ಗೋಲೂ ಇಲ್ಲ. ಬಾವಿಗೆ ಅಕ್ಕ, ಬಾವಿಗೆ” ಎನ್ನುತ್ತಾ ಅವನು ಮೇಲೆದ್ದ.

“ಕೂತುಕೋ. ಆರಿಸಿದವರ ನಂಬರು ಇನ್ನೂ ಓದಿಲ್ಲ.”

ಆರಿಸುವವರು ಬನಿಯನಿನ ನಂಬರು ಓದಿದರು. ಅವಳದು ಎಂಟು. ಮೊದಲು ಓದಿದ್ದೇ ಎಂಟು.

ನಾನು ಕುಣಿದೆನಂತೆ, ನನಗೆ ನೆನಪಿಲ್ಲ. ಹುಡುಗಿ ಬಂದು ನನ್ನ ಹೆಗಲಿಗೆ ಕೆಸರು ಮುಖ ಒತ್ತಿದಳು. ಜರ್ಮನಿಯವಳು ಅವಳನ್ನು ಕೂರಿಸಿ ಮೊಣಕಾಲನ್ನು ಮಡಿಸಿ, ಚಾಚಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, “ಬೂಟು ನೀರಿಗೆ ಹಾಕಬೇಡಿ” ಎಂದು ಬೈದಳು. ಈ ಸಲ ಕನ್ನಡದಲ್ಲಿ.

ಕಾಪುವಿನಲ್ಲಿ ಬಸ್ಸಿಳಿದಾಗ ಪೇಟೆ ತುಂಬಿತ್ತು. ತಮ್ಮ ಹುಡುಗಿಯ ಕೈಯಿಂದ ಚೆಂಡನ್ನು ತೆಗೆದು ಕಂಕುಳಲ್ಲಿಟ್ಟು ಮೇಲೆ ಹೆಗಲ ಬೈರಾಸು ಹೊದಿಸಿ ಬಿರಬಿರನೆ ಹೊರಟ. ನಾನು ಹಿಂದಿನಿಂದ ಹೋಗಿ ಬೈರಾಸನ್ನು ಎಳೆದುಕೊಂಡೆ.

“ತಲೆಯ ಮೇಲೆ ಅಂದಿದ್ದಿ.”

ಅವನು ನನ್ನನ್ನು ಸುಡುವ ಹಾಗೆ ನೋಡಿದ. ಆಮೇಲೆ ಚೆಂಡನ್ನು ತಲೆಗೇರಿಸಿ, ಎರಡೂ ಕೈಯಲ್ಲಿ ಹಿಡಿದುಕೊಂಡು, ಮೀನಿನ ಅಂಗಡಿಗಳ ಮುಂದೆ ನಡೆದೇ ನಡೆದ.