ಇಶೆನ್‌ಬಾಯ್ ಭಾವನ ಕಾರಿಗೆ ಉಸಿರು ಬಂದದ್ದು

ನಮ್ಮ ಭಾವ ಇಶೆನ್‌ಬಾಯ್ ಕೊಚ್ಕೋರ್ ಊರಿನ ಟ್ರ್ಯಾಕ್ಟರುಗಳನ್ನೆಲ್ಲ ರಿಪೇರಿ ಮಾಡಿಕೊಟ್ಟವನು. ತನ್ನ ಕಾರನ್ನು ಮಾತ್ರ ಮೂವತ್ತೊಂದು ವರ್ಷ ಹೆಂಡತಿಯ ಕೈಯಲ್ಲಿ ತಳ್ಳಿಸಿದ. ಆ ಹೆಂಡತಿ ನನ್ನ ಅಕ್ಕ ಬುರುಲ್ಕನ್. ಹಾಗಾಗಿ ಈ ಮಾತನ್ನು ನಾನು ಸ್ವಲ್ಪ ಸಿಟ್ಟಿನಿಂದಲೇ ಹೇಳುವುದು.

ಕಾರು ಸೋವಿಯತ್ ಕಾಲದ್ದು, ಮೊಟ್ಟೆಯ ಹಳದಿಯ ಬಣ್ಣ. ಬಯಲಿನಲ್ಲಿ ಅದರ ಓಟಕ್ಕೆ ಹೆಸರಿಡುವ ಹಾಗಿಲ್ಲ. ಆದರೆ ಜೂನ್ ತಿಂಗಳಲ್ಲಿ ಕುರಿ ಕುದುರೆಗಳೆಲ್ಲ ಸೋಂಗ್‌ಕೋಲ್ ಕೆರೆಯ ಹುಲ್ಲುಗಾವಲಿಗೆ ಹೊರಟಾಗ ನಾವೂ ಕಲ್ಮಕ್ ಘಾಟಿ ಹತ್ತಬೇಕು. ಅಷ್ಟು ಎತ್ತರದ ತೆಳು ಗಾಳಿಯಲ್ಲಿ ಕೊನೆಯ ತಿರುವಿಗೆ ಬರುವ ಹೊತ್ತಿಗೆ ಇಂಜಿನ್ ಕೆಮ್ಮತೊಡಗುತ್ತಿತ್ತು. ಆಗ ಎಲ್ಲರೂ ಇಳಿದು ತಳ್ಳಬೇಕು. ಭಾವ ಮಾತ್ರ ಇಳಿಯುವವನಲ್ಲ. "ಸ್ಟಿಯರಿಂಗ್ ಹಿಡಿಯೋಕೆ ಒಬ್ಬರು ಬೇಕಲ್ಲ!" ಎನ್ನುತ್ತಿದ್ದ. ತಳ್ಳುವಾಗ ಡಿಕ್ಕಿಯ ನಡುಮಧ್ಯದ ಜಾಗ ಅಕ್ಕನದು. ಅದನ್ನು ಅವಳು ಯಾರಿಗೂ ಬಿಟ್ಟುಕೊಟ್ಟವಳಲ್ಲ.

ಕಳೆದ ಚಳಿಗಾಲದಲ್ಲಿ ಅಕ್ಕನ ಮಂಡಿಗೆ ಆಪರೇಷನ್ ಆಯಿತು. ಇನ್ನು ಏರು ಹತ್ತುವ ಹಾಗಿಲ್ಲ ಎಂದರು ಡಾಕ್ಟರು. "ಅತ್ತೆ, ಈ ಸಲ ನೀವು ಮನೇಲೇ ಇರಿ, ಡೇರೆ ನಾವು ಹಾಕ್ತೀವಿ," ಎಂದಳು ಸೊಸೆ. ಪಕ್ಕದ ಮನೆಯವರು ತಮ್ಮ ಜೀಪಿನಲ್ಲಿ ಕರೆದೊಯ್ಯುತ್ತೇವೆ ಎಂದರು. ಅಕ್ಕ ಹಟ ಹಿಡಿದಳು.

"ನಮ್ಮ ಕಾರಲ್ಲಾದ್ರೆ ಬರ್ತೀನಿ, ಇಲ್ಲಾಂದ್ರೆ ಇಲ್ಲ. ಮೂವತ್ತೊಂದು ವರ್ಷ ತಳ್ಳಿದೀನಿ. ಈಗ ಯಾರದೋ ಜೀಪಲ್ಲಿ ಕೂತು ಅದನ್ನ ಹಿಂದೆ ಹಾಕಿ ಹೋಗ್ಲಾ?"

ಭಾವ ಮರುದಿನ ಬೆಳಿಗ್ಗೆ ಗುಜರಿಗೆ ಹೋಗಿ ಯಾವುದೋ ಡೀಸೆಲ್ ವ್ಯಾನಿನಿಂದ ಬಿಚ್ಚಿದ ಟರ್ಬೊ ಒಂದನ್ನು ತಂದು ಅಂಗಳದಲ್ಲಿಟ್ಟ. ನೋಡಲು ಕಬ್ಬಿಣದ ಬಸವನಹುಳು. ಇಂಜಿನ್ ಬಿಡುವ ಹೊಗೆ ಅದರೊಳಗಿನ ಚಕ್ರ ತಿರುಗಿಸುತ್ತದೆ, ಆ ಚಕ್ರ ಹೊರಗಿನ ಗಾಳಿಯನ್ನು ಇಂಜಿನ್ನಿಗೆ ತುರುಕುತ್ತದೆ. "ಮೇಲೆ ಗಾಳಿ ಕಮ್ಮಿ ಅಲ್ವೇನೋ, ನಾವೇ ತುಂಬಿಸಿಬಿಡೋಣ," ಎಂದ. ನಾನು ಶಾಲೆಯಲ್ಲಿ ಭೌತಶಾಸ್ತ್ರದ ಮೇಷ್ಟ್ರು. ವಾಯುಭಾರದ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಅವನು ನನ್ನ ಕೈಗೆ ಉಪ್ಪುಕಾಗದ ಕೊಟ್ಟು ಪೈಪು ಉಜ್ಜಲು ಹಚ್ಚಿದ.

ಎರಡು ತಿಂಗಳು ಅಂಗಳವೆಲ್ಲ ವೆಲ್ಡಿಂಗಿನ ಕಿಡಿ. ಸೈಲೆನ್ಸರ್ ಪೈಪು ಕತ್ತರಿಸಿ ಬೆಸೆದದ್ದಾಯಿತು, ಟರ್ಬೊಗೆ ಎಣ್ಣೆಯ ದಾರಿ ಮಾಡಿದ್ದಾಯಿತು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ತನಕ ಗಾಳಿಯ ಕೊಳವೆ ಎಳೆದದ್ದಾಯಿತು. ಮೊದಲ ದಿನ ಹೆದ್ದಾರಿಗೆ ಒಯ್ದು ಆಕ್ಸಿಲರೇಟರ್ ಒತ್ತಿದ. ಟರ್ಬೊ ಶಿಳ್ಳೆ ಹಾಕಿತು. ಶಿಳ್ಳೆ ಏರಿದ್ದೇ ತಡ ಇಂಜಿನ್ ಫುಸ್ಸೆಂದು ನಿಂತಿತು. ಪ್ಲಗ್ ಬದಲಿಸಿದ, ಟೈಮಿಂಗ್ ಬದಲಿಸಿದ, ಫಿಲ್ಟರ್ ಕಿತ್ತ. ಏನು ಮಾಡಿದರೂ ಶಿಳ್ಳೆ, ಆಮೇಲೆ ಫುಸ್ಸು. ಮೂರು ವಾರ ಹೀಗೇ ಹೋಯಿತು. ಮನೆ ಮುಂದೆ ಕುರಿಹಿಂಡುಗಳು ಬೆಟ್ಟದ ಕಡೆ ಹೊರಟಿದ್ದವು. ಅಕ್ಕ ಕಿಟಕಿಯಲ್ಲಿ ಕೂತು ಯಾರ ಹಿಂಡು ಎಂದು ಹೆಸರು ಹಿಡಿದು ಹೇಳುತ್ತಿದ್ದಳು. ಭಾವನಿಗೆ ಊಟ ಸೇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಚಹಾಕ್ಕೆ ಕೂತಿದ್ದೆವು. ಅಕ್ಕ ಕೇಳಿದಳು, "ಗಾಳಿ ಎಲ್ಲಿಗೆ ಊದ್ತಿದೀರಿ?"

"ಕಾರ್ಬೊರೇಟರ್ ಗಂಟಲಿಗೆ," ಎಂದ ಭಾವ.

"ಪೆಟ್ರೋಲು?"

"ಪಕ್ಕದಲ್ಲೇ ಒಂದು ಪುಟ್ಟ ಬಟ್ಟಲಿದೆ ಬುರುಲ್. ಅಲ್ಲಿಂದ ಗಂಟಲಿಗೆ ಹರಿಯತ್ತೆ."

ಅಕ್ಕ ಆರಿದ ಚಹಾದ ಕೆಟಲನ್ನು ನನ್ನ ಕಡೆ ಬಗ್ಗಿಸಿದಳು. "ಏಯ್ ಮೇಷ್ಟ್ರೇ, ಇದರ ಮೂತಿಗೆ ಬಾಯಿಟ್ಟು ಊದು."

ಊದಿದೆ. ಚಹಾ ಮೂತಿಯಿಂದ ಬರಲಿಲ್ಲ. ಒಳಗೇ ಗುಳುಗುಳು ಎಂದು, ಮುಚ್ಚಳದ ಸಂದಿಯಿಂದ ಚಿಮ್ಮಿ ನನ್ನ ಅಂಗಿಯ ಮೇಲೆ ಬಿತ್ತು.

"ಕಂಡ್ಯಾ? ಅಪ್ಪನ ಕುಲುಮೇಲಿ ತಿದಿ ಒತ್ತಿದೋಳು ನಾನು. ಗಂಟಲಿಗೆ ಊದಿದ್ರೆ ಪೆಟ್ರೋಲು ಹೇಗೆ ಬರತ್ತೆ? ಹಿಂದಕ್ಕೆ ಓಡತ್ತೆ. ಮುಚ್ಚಳದ ಮೇಲಿಂದಾನೂ ಅಷ್ಟೇ ಜೋರಾಗಿ ಊದಿ, ಆಗ ಬರತ್ತೆ."

ಭಾವನ ಕೈಯಲ್ಲಿದ್ದ ಚಹಾದ ಬಟ್ಟಲು ಬಾಯಿಗೆ ಹೋಗಲಿಲ್ಲ. ಇಪ್ಪತ್ತು ವರ್ಷದಿಂದ ಇದೇ ಪಾಠ ಹೇಳುತ್ತಿರುವ ನಾನು ಅಂಗಿ ಒರೆಸಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದೆ. ಸಂಜೆಯೊಳಗೆ ಭಾವ ಗಾಳಿಯ ಕೊಳವೆಯಿಂದ ಎರಡು ಸಣ್ಣ ನಳಿಕೆ ಎಳೆದ. ಒಂದು ಪೆಟ್ರೋಲ್ ಬಟ್ಟಲಿನ ಮುಚ್ಚಳಕ್ಕೆ, ಇನ್ನೊಂದು ಪೆಟ್ರೋಲ್ ಪಂಪಿಗೆ, ಅದೂ ಅಷ್ಟೇ ಜೋರಾಗಿ ದೂಡಲಿ ಎಂದು. ಹೆದ್ದಾರಿಯಲ್ಲಿ ಒತ್ತಿದರೆ ಶಿಳ್ಳೆ ಬಂತು, ಫುಸ್ಸು ಬರಲಿಲ್ಲ. ಬೆನ್ನು ಸೀಟಿಗೆ ಅಂಟಿತು. ಭಾವ ಮಗುವಿನ ಹಾಗೆ ನಕ್ಕ.

ಮರುವಾರ ಘಾಟಿ ಹತ್ತಿದೆವು. ಮುಂದೆ ಅಕ್ಕ, ಹಿಂದೆ ಅವಳ ಮಗ, ಸೊಸೆ, ನಾನು. ಕೊನೆಯ ತಿರುವು ಬಂತು. ಭಾವ ಅಭ್ಯಾಸಬಲದಿಂದ ನಿಧಾನ ಮಾಡಿದ, ನಾವು ಮೂವರೂ ಅಭ್ಯಾಸಬಲದಿಂದಲೇ ಬಾಗಿಲು ತೆಗೆದು ಹಾರಿ ಡಿಕ್ಕಿಗೆ ಕೈ ಕೊಟ್ಟೆವು. ಶಿಳ್ಳೆ ಕೇಳಿಸಿತು. ಕಾರು ನಮ್ಮ ಅಂಗೈಯಿಂದ ಜಾರಿ ಹೊರಟೇ ಹೋಯಿತು.

"ಭಾವಾ, ನಿಲ್ಸಿ!"

"ನಿಲ್ಸಿದ್ರೆ ಮತ್ತೆ ಹತ್ತತ್ತೋ ಇಲ್ವೋ! ನಡ್ಕೊಂಡು ಬನ್ನಿ!" ಎಂದು ಕಿಟಕಿಯಿಂದ ಕೂಗಿದ.

ಅರ್ಧ ಗಂಟೆ ಅವನಿಗೆ ಶಾಪ ಹಾಕುತ್ತ ಏದುಸಿರಿನಲ್ಲಿ ಹತ್ತಿದೆವು. ಮೇಲೆ ಕಾರು ನಿಂತಿತ್ತು. ಅಕ್ಕ ಬಾಗಿಲು ತೆಗೆದು ಕಾಲು ಚಾಚಿ ಕೂತಿದ್ದಳು, ಕಣ್ಣು ಒದ್ದೆ.

"ಮಂಡಿ ನೋವಾ ಅಕ್ಕ?"

"ಇಲ್ಲ ಕಣೋ." ಕೆಳಗೆ ಹರಡಿದ್ದ ಕೆರೆಯತ್ತ ಕೈ ತೋರಿಸಿದಳು. "ತಿರುವು ದಾಟ್ತಿದ್ದ ಹಾಗೆ ಇದು ಹೀಗೆ ಒಮ್ಮೆಲೇ ಎದುರಿಗೆ ಬರತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಇಷ್ಟು ವರ್ಷ ಇಲ್ಲಿ ನಾನು ನೋಡಿದ್ದು ನಂಬರ್ ಪ್ಲೇಟ್ ಒಂದೇ."

ಭಾವನ ಮುಖ ಹುಳ್ಳಗಾಯಿತು. ಅವನು ಮೂವತ್ತೊಂದು ಸಲ ನೋಡಿದ್ದ, ಒಂದು ಸಲವೂ ಹೇಳಿರಲಿಲ್ಲ.

"ಕಾರು ತಿರುಗಿಸಿ," ಎಂದಳು ಅಕ್ಕ. "ಕೆಳಗಿನ ತಿರುವಿಗೆ ಹೋಗೋಣ. ನಾನು ಇನ್ನೊಂದು ಸಲ ಹತ್ತಬೇಕು."

ಭಾವ ಕೀಲಿ ತಿರುಗಿಸಿದ. ಈ ಸಲ ನಾವು ಮೂವರೂ ಹಿಂದೆ ಕೂತು, ಬಾಗಿಲುಗಳನ್ನು ಒಳಗಿನಿಂದ ಭದ್ರವಾಗಿ ಹಾಕಿಕೊಂಡೆವು.