ರೊಕ್ಕದ ಕೈ

ರೋಣದ ಸಂತೆಯ ಆ ಕೋಳಿ ಅಂಗಡಿಯವಳು ಗಂಡ ಕಡಿದುಕೊಟ್ಟ ಮಾಂಸವನ್ನು ಬಲಗೈಯಲ್ಲಿ ತೂಗುತ್ತಿದ್ದಳು, ರೊಕ್ಕವನ್ನು ಎಡಗೈಯಲ್ಲೇ ತೆಗೆದುಕೊಳ್ಳುತ್ತಿದ್ದಳು. ಯಾರು ಮುಖ ಸಿಂಡರಿಸಿದರೂ ಅವಳದು ಒಂದೇ ಮಾತು: "ಬಲಗೈ ಮಾಂಸಕ್ಕ ಐತ್ರಿ."

ಜಕ್ಕಲಿಯ ಗೌಡರು ಒಮ್ಮೆ ಕೆರಳಿದರು. "ನನಗೂ ಎಡಗೈ ಚಾಚ್ತಿಯೇನ?"

"ನೋಟು ಎಷ್ಟ್ ಮಂದಿ ಕೈ ದಾಟಿ ಬಂದಿರತೈತ್ರಿ. ಅದನ್ನ ಮುಟ್ಟಿದ ಕೈಲೆ ಮಾಂಸ ಮುಟ್ಟಂಗಿಲ್ಲ."

ಗೌಡರು ಪಕ್ಕದ ಅಂಗಡಿಗೆ ಹೋದರು. ಸುಳ್ಳೇಕೆ ಹೇಳಲಿ, ಅವರ ಹಿಂದೆ ನಾನೂ ಹೋದೆ.

ಊರಲ್ಲಿ ವಾಂತಿಭೇದಿ ಹಬ್ಬಿದಾಗ ದವಾಖಾನೆಯವರು ಎಲ್ಲ ಅಂಗಡಿಗಳ ಹಸಿ ಮಾಂಸವನ್ನು ಪರೀಕ್ಷೆಗೆ ಒಯ್ದರು. ಕೈಯಿಂದ ಕೈಗೆ ಹರಡುವ ಆ ರೋಗದ ವೈರಸ್ ಸಿಗದಿದ್ದದ್ದು ಅವಳ ಮಾಂಸದಲ್ಲಿ ಮಾತ್ರ.

ಮುಂದಿನ ಸಂತೆಗೆ ಅವಳ ಅಂಗಡಿಯ ಸಾಲು ಬಸ್ ನಿಲ್ದಾಣ ಮುಟ್ಟಿತ್ತು. ಗೌಡರು ಬದಿಯಿಂದ ನುಗ್ಗಿ, ನೋಟನ್ನು ತಾವಾಗಿಯೇ ಅವಳ ಎಡಗೈಯತ್ತ ಚಾಚಿದರು.

ಅವಳು ತಕ್ಕಡಿಯಿಂದ ಕಣ್ಣೆತ್ತಲಿಲ್ಲ. "ಸಾಲಿನ್ಯಾಗ ಬರ್ರಿ, ಗೌಡ್ರ."