ಅಂಗಡಿಯ ಸೀಲು

ನಾಸಿಕದ ಕನ್ನಡಿಗರಿಗೆಂದು ಬೀದರ್ ಕಡೆಯ ಸೀರೆ ವ್ಯಾಪಾರಿಯೊಬ್ಬರು ಯಾರು ಬೇಕಾದರೂ ಬರೆಯಬಹುದಾದ ವೆಬ್‌ಸೈಟ್ ನಡೆಸುತ್ತಿದ್ದರು. ನಾನು ಕಲಬುರಗಿಯಿಂದ ವರ್ಗವಾಗಿ ಬಂದ ವರ್ಷವೇ ಯಾರೋ ಹೆಸರು ಹಾಕದೆ ಅದರಲ್ಲಿ ನನ್ನ ಬಗ್ಗೆ ಬರೆದರು: ಸುಳ್ಳು ಸರ್ಟಿಫಿಕೇಟು ಕೊಟ್ಟು ಬ್ಯಾಂಕ್ ನೌಕರಿ ಹಿಡಿದವಳು.

ತೆಗೆದುಹಾಕಿ ಎಂದು ಕೇಳಲು ಅವರ ಅಂಗಡಿಗೆ ಹೋದೆ.

"ನಾ ಬರೇ ಜಾಗಾ ಕೊಟ್ಟೀನ್ರಿ ಅಕ್ಕಾರ. ಯಾರ್ ಏನ್ ಬರೀತಾರೋ ಅದು ನನ್ನ ಜವಾಬ್ದಾರಿ ಅಲ್ರಿ. ನಾ ಅದನ್ನ ಓದೇ ಇಲ್ಲ" ಎಂದರು, ಪೈಠಣಿ ಸೀರೆ ಮಡಚುತ್ತಲೇ.

ಮೈಯೆಲ್ಲ ಉರಿದುಹೋಯಿತು. ಆದರೆ ಇಪ್ಪತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವಳು ನಾನು. ಸೀಲಿಲ್ಲದ ಕಾಗದವನ್ನು ನಂಬುವವಳಲ್ಲ. ಮರುದಿನ ಆ ಬರಹದ ಪ್ರಿಂಟ್ ತೆಗೆಸಿ, ದೂರಿನ ಪತ್ರದೊಂದಿಗೆ ಅವರ ಕೈಗೆ ಕೊಟ್ಟೆ. ನನ್ನ ಪ್ರತಿಯ ಮೇಲೆ ಅಂಗಡಿಯ ಸೀಲು, ಸಹಿ, ತಾರೀಖು ಕೇಳಿದೆ. ನಗುತ್ತಲೇ ಒತ್ತಿಕೊಟ್ಟರು.

ಎರಡು ತಿಂಗಳಾದರೂ ಬರಹ ಅಲ್ಲೇ ಇತ್ತು. ನಾನೂ ಮತ್ತೆ ಕೇಳಲಿಲ್ಲ. ಇರಲಿ ಎಂದೇ ಕಾದೆ.

"ಗೊತ್ತೇ ಇರಲಿಲ್ಲ ಅನ್ನೋ ನೆಪ ಇನ್ನು ಅವರಿಗಿಲ್ಲ" ಎಂದರು ನನ್ನ ವಕೀಲರು, ಸೀಲು ನೋಡಿ.

ಮಾನಹಾನಿ ಕೇಸಿನ ಸಮನ್ಸ್ ತಲುಪಿದ ದಿನ ವ್ಯಾಪಾರಿ ನನ್ನ ಮನೆಗೆ ಓಡಿ ಬಂದರು. "ಅಕ್ಕಾರ, ನನ್ನ ಯಾಕ ಕೋರ್ಟಿಗೆ ಎಳದೀರಿ?"

"ನಾ ಬರೇ ಕಾಗದ ಕೊಟ್ಟೀನ್ರಿ ಅಣ್ಣಾರ. ಕೋರ್ಟಿನವ್ರು ಏನ್ ಬರೀತಾರೋ ಅದು ನನ್ನ ಜವಾಬ್ದಾರಿ ಅಲ್ರಿ" ಎಂದು ಬಾಗಿಲು ಹಾಕಿಕೊಂಡೆ.